ಬಾಗಿಲ ಪಕ್ಕದ ಗೂಡು

ಏಪ್ರಿಲ್ ಕೊನೆಯ ವಾರ. ಖೂಬಾ ಪ್ಲಾಟಿನ ಗೋಡೆಗಳು ಹಗಲೆಲ್ಲ 42 ಡಿಗ್ರಿ ಬಿಸಿಲು ಕುಡಿದು, ಹೊತ್ತು ಮುಳುಗಿದ ಮೇಲೆ ಅದನ್ನು ಮೆಲ್ಲಗೆ ಹೊರಗೆ ಬಿಡುತ್ತವೆ. ಮಾಳಿಗೆಗೆ ಎರಡು ಕೊಡ ನೀರು ಚಿಮುಕಿಸಿದರೆ ಶಹಾಬಾದ್ ಫರಸಿ ಚುಂಯ್ ಎನ್ನುತ್ತದೆ, ಸುಣ್ಣದಂಥ ಒಂದು ವಾಸನೆ ಏಳುತ್ತದೆ. ಕೆಳಗೆ ಓಣಿಯಲ್ಲಿ ಔಷಧಿ ಅಂಗಡಿಗಳ ದೀಪ. ದವಾಖಾನೆ ಮುಂದೆ ಚಾದರ ಹಾಸಿಕೊಂಡು ಕೂತ ಹಳ್ಳಿಯ ಜನ ರೊಟ್ಟಿಯ ಗಂಟು ಬಿಚ್ಚುತ್ತಿದ್ದಾರೆ, ಶೇಂಗಾ ಹಿಂಡಿಯ ಘಾಟು ಮಾಳಿಗೆಯವರೆಗೂ ಬರುತ್ತದೆ. ಶರಣಬಸವೇಶ್ವರ ಗುಡಿಯ ದಿಕ್ಕಿನಿಂದ ಬಂದ ಗಾಳಿಯೂ ಬಿಸಿಯೇ.

ಅಕ್ಕನ ಮಗಳು ಲಂಡನ್ನಿನಿಂದ ಮೂರು ವಾರದ ರಜೆಗೆ ಬಂದಿದ್ದಳು. ಅಲ್ಲಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳು ನರ್ಸ್. ಅವ್ವ ಹೊರಸಿನ ಮೇಲೆ ಕಾಲು ಚಾಚಿ ಕೂತು ಕಮಲಾಪುರದ ಕೆಂಪು ಬಾಳೆಹಣ್ಣು ಸುಲಿದು ಸುಲಿದು ಮೊಮ್ಮಗಳ ಕೈಗಿಡುತ್ತಿದ್ದಳು. ಮೊಮ್ಮಗಳು ಒಂದು ಕೈಯಲ್ಲಿ ಹಣ್ಣು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಫೋಟೋ ಸರಿಸುತ್ತಿದ್ದಳು. ಅಗಲವಾದ ಮಬ್ಬು ನೀರಿನ ಹೊಳೆ. ಆಚೆ ದಂಡೆಗೆ ಇಂಗ್ಲೆಂಡಿನ ಪಾರ್ಲಿಮೆಂಟು, ಗಡಿಯಾರದ ಗೋಪುರ. ಈಚೆ ದಂಡೆಗೆ, ಲ್ಯಾಂಬೆತ್ ಸೇತುವೆಯ ಹತ್ತಿರ, ಕೊರಳಿಗೆ ಹಾರ ಹಾಕಿಸಿಕೊಂಡ ಬಸವಣ್ಣ.

ಅವ್ವ ಹಣ್ಣಿನ ಸಿಪ್ಪೆ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಮೊಬೈಲಿಗೆ ಕೈ ಮುಗಿದಳು. ಆ ಮೂರ್ತಿಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು, ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ ಡಾ. ನೀರಜ್ ಪಾಟೀಲರು ನಮ್ಮ ಕಲಬುರಗಿಯವರು, ಲ್ಯಾಂಬೆತ್ ಮೇಯರ್ ಆಗಿದ್ದವರು ಎನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಲಂಡನ್ನಿನ ಸಾರ್ವಜನಿಕ ಜಾಗದಲ್ಲಿ ಮೂರ್ತಿ ನಿಲ್ಲಿಸುವುದು ಸುಲಭವಲ್ಲ. ಅದಕ್ಕೆ 1854ರಷ್ಟು ಹಿಂದೆಯೇ ಒಂದು ಕಾಯಿದೆ ಮಾಡಿಟ್ಟಿದ್ದಾರೆ. ಕಲ್ಲಿನಲ್ಲಿ ಯಾರನ್ನು ನಿಲ್ಲಿಸುತ್ತೇವೆ ಎಂಬುದು ಸಣ್ಣ ಮಾತಲ್ಲ ಎಂದು ಆ ಸರಕಾರಕ್ಕೆ ಆಗಲೇ ತಿಳಿದಿತ್ತು.

ಮುಂದಿನ ಫೋಟೋ. ಸುರುಳಿ ಸುರುಳಿ ಟೋಪಿಗೂದಲಿನ, ನಿಲುವಂಗಿಯ ಒಬ್ಬ ಕಲ್ಲಿನ ದೊರೆ.

"ಇವ ಯಾರ?" ಅಂದಳು ಅವ್ವ.

"ನಮ್ಮ ದವಾಖಾನಿ ಅಂಗಳದಾಗ ನಿಂತಾನ ಆಯಿ. ರಾಬರ್ಟ್ ಕ್ಲೇಟನ್ ಅಂತ. ಹಳೀ ದವಾಖಾನಿ ಬಿದ್ದು ಹೋಗಾಗ ಮತ್ತ ಕಟ್ಟಿಸ್ದಾವ."

"ಪುಣ್ಯಾತ್ಮ." ಅವ್ವನ ಕೈ ಮತ್ತೆ ಜೋಡಿಸಿಕೊಳ್ಳಲು ಎದ್ದಿತು.

"ಮನಷ್ಯಾರನ್ನ ಹಿಡದು ಮಾರೋ ಕಂಪನಿದಾಗ ಇವನ ರೊಕ್ಕ ಇತ್ತು ಆಯಿ. ಕರೇ ಮಂದೀನ್ನ. ಆಫ್ರಿಕಾದಿಂದ ಹಡಗದಾಗ ತುಂಬಿ."

ಎದ್ದ ಕೈ ಅಲ್ಲೇ ನಿಂತಿತು. ಕೆಳಗೆ ಓಣಿಯಲ್ಲಿ ಒಂದು ಆಂಬುಲೆನ್ಸ್ ಕೂಗುತ್ತಾ ಹೋಯಿತು. ಅದರ ಸದ್ದು ಸವೆಯುವವರೆಗೆ ಅವ್ವ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಗೊತ್ತಿದ್ದೂ ನಿಂದ್ರಿಸ್ಯಾರ?"

ಜಗತ್ತಿನ ಎಷ್ಟೋ ಊರುಗಳ ಬೀದಿಯಲ್ಲಿ ಜನ ಕೂಗಿ ಕೇಳಿದ ಪ್ರಶ್ನೆ ಇದು. ಖೂಬಾ ಪ್ಲಾಟಿನ ಮಾಳಿಗೆಯ ಮೇಲೆ, ಬಾಳೆಹಣ್ಣಿನ ಸಿಪ್ಪೆಯ ಪಕ್ಕದಲ್ಲಿ, ಓದುಬರಹ ಬಾರದ ನನ್ನ ತಾಯಿಯ ಬಾಯಿಂದ ಅದು ಬಂದಾಗ ನನಗೆ ಮೈ ಝುಂ ಎಂದಿತು.

ಸೊಸಿ ಹೇಳುತ್ತಾ ಹೋದಳು. ನಮ್ಮ ಕಡೆ ಅಕ್ಕನ ಮಗಳಿಗೂ ಸೊಸಿ ಎನ್ನುವುದೇ ರೂಢಿ. ಆ ಆಸ್ಪತ್ರೆಯ ಜೋಡಿ ಆಸ್ಪತ್ರೆ ಗೈಸ್. ಅದನ್ನು ಕಟ್ಟಿಸಿದ ಥಾಮಸ್ ಗೈ ದುಡ್ಡು ಮಾಡಿದ್ದು ಸೌತ್ ಸೀ ಕಂಪನಿಯ ಷೇರಿನಲ್ಲಿ. ಸ್ಪೇನಿನವರ ವಸಾಹತುಗಳಿಗೆ ಗುಲಾಮರನ್ನು ಒದಗಿಸುವ ಗುತ್ತಿಗೆ ಹಿಡಿದಿದ್ದ ಕಂಪನಿ ಅದು. 2020ರ ಜೂನ್‌ನಲ್ಲಿ ಈ ಇಬ್ಬರ ಮೂರ್ತಿಗಳನ್ನೂ ಜನರ ಕಣ್ಣೆದುರಿನಿಂದ ಸರಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳಿದರು. ಗೈ ಮೂರ್ತಿಯ ಸುತ್ತ ಹಲಗೆ ಬಡಿದು ಮುಚ್ಚಿದರು. ಆಮೇಲೆ ಊರವರನ್ನು, ರೋಗಿಗಳನ್ನು, ಕೆಲಸಗಾರರನ್ನು ಕೇಳಿದರು. ಕೊನೆಗೆ ಮೂರ್ತಿ ತೆಗೆಯದೆ, ಇವನು ಯಾರು, ಹಣ ಎಲ್ಲಿಂದ ಬಂತು ಎಂದು ತಿಳಿಸುವ ಬರಹ ಇಡುವ ದಾರಿ ಹಿಡಿದರು.

"ನಿನಗ ಹೆಂಗ ಅನಸ್ತದ?" ಅಂತ ಕೇಳಿದೆ.

"ನನ್ನ ಜೋಡಿ ನೈಟ್ ಡ್ಯೂಟಿ ಮಾಡೋರೊಳಗ ಜಮೈಕಾದವ್ರು, ನೈಜೀರಿಯಾದವ್ರು ಭಾಳ ಮಂದಿ ಅದಾರ ಮಾಮಾ. ಮುಂಜಾನಿ ಡ್ಯೂಟಿ ಮುಗಿಸಿ ಅವನ ಮುಂದಿನಿಂದನೇ ಹೋಗ್ಬೇಕು. ಒಬ್ಬಾಕಿ ಅಂತಾಳ, ನಮ್ಮ ಮುತ್ತಜ್ಜಿನ್ನ ಮಾರಿದ ರೊಕ್ಕದ ಮ್ಯಾಲ ನಿಂತಾನ, ನಾನು ಅವನ ದವಾಖಾನಿದಾಗ ಮುದುಕರ ಮೈ ಒರಸ್ಲಿಕತ್ತೀನಿ ಅಂತ. ಆಕಿಗೆ ನಾ ಏನ್ ಹೇಳ್ಲಿ?"

ಆ ದಂಡೆಯ ಮೇಲೆ ಹತ್ತು ಹದಿನೈದು ನಿಮಿಷದ ನಡಿಗೆಯಲ್ಲಿ ಏನೆಲ್ಲ ಇದೆ ನೋಡಿ. ಒಂದು ಕಡೆ ಹುಟ್ಟಿನ ಮೇಲುಕೀಳನ್ನು 12ನೇ ಶತಮಾನದಲ್ಲೇ ಒಲ್ಲೆನೆಂದ ಬಸವಣ್ಣ. ಇನ್ನೊಂದು ಕಡೆ ಗುಲಾಮರ ವ್ಯಾಪಾರದಲ್ಲಿ ಪಾಲಿದ್ದ ಕ್ಲೇಟನ್. ಅದೇ ಆಸ್ಪತ್ರೆಯ ತೋಟದಲ್ಲಿ, ಪಾರ್ಲಿಮೆಂಟಿಗೆ ಎದುರಾಗಿ, ಮೇರಿ ಸೀಕೋಲ್. ಜಮೈಕಾದ ಈ ಹೆಣ್ಣುಮಗಳು ಕ್ರಿಮಿಯಾ ಯುದ್ಧದ ಗಾಯಾಳುಗಳ ಸೇವೆಗೆ ಬರುತ್ತೇನೆಂದಾಗ ಸರಕಾರ ಒಪ್ಪಲಿಲ್ಲ. ಆಕೆ ಸ್ವಂತ ಖರ್ಚಿನಲ್ಲೇ ಹೋದಳು. ಆಕೆಯ ಮೂರ್ತಿ ನಿಂತದ್ದು 2016ರಲ್ಲಿ, ಬಸವಣ್ಣ ಬಂದ ಮರುವರ್ಷ. ಇವೆಲ್ಲದರ ನಡುವೆ ಹೊಳೆಯ ದಂಡೆಯ ಉದ್ದನೆ ಗೋಡೆ ತುಂಬ ಕೈಯಿಂದ ಬರೆದ ಕೆಂಪು ಹೃದಯಗಳು. ಕೊರೊನಾದಲ್ಲಿ ಸತ್ತವರಿಗೆ ಒಬ್ಬೊಬ್ಬರಿಗೆ ಒಂದೊಂದು. ಸೊಸಿ ಆ ಫೋಟೋ ಬಂದಾಗ ಬೆರಳು ನಿಲ್ಲಿಸಿದಳು. 2020ರ ಮಾರ್ಚ್‌ನಲ್ಲಿ ಭಾರತದ ಮೊದಲ ಕೊರೊನಾ ಸಾವು ಆದದ್ದು ನಮ್ಮ ಕಲಬುರಗಿಯವರದೇ. ಊರು ಬಾಗಿಲು ಹಾಕಿಕೊಂಡ ಆ ದಿನಗಳಲ್ಲಿ ಖೂಬಾ ಪ್ಲಾಟಿನ ಈ ಓಣಿಯಲ್ಲಿ ನಾಯಿ ನಡೆದರೂ ಹೆಜ್ಜೆ ಸಪ್ಪಳ ಕೇಳುತ್ತಿತ್ತು.

ಆ ಗೋಡೆಗೆ ಯಾರೂ ಪೀಠ ಕಟ್ಟಲಿಲ್ಲ. ಹೃದಯಗಳನ್ನು ಬರೆದದ್ದು ಸತ್ತವರ ಮನೆಮಂದಿ.

ಬ್ರಿಸ್ಟಲ್ ಊರಿನ ಕಥೆಯನ್ನು ಅವ್ವನಿಗೆ ನಾನೇ ಹೇಳಿದೆ. ಅಮೆರಿಕದಲ್ಲಿ 2020ರ ಮೇ 25ರಂದು ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕುತ್ತಿಗೆಯ ಮೇಲೆ ಪೊಲೀಸನೊಬ್ಬ ಮೊಣಕಾಲೂರಿ ಕೊಂದ. ಎರಡು ವಾರವೂ ಆಗಿರಲಿಲ್ಲ, ಜೂನ್ 7ರ ಭಾನುವಾರ ಬ್ರಿಸ್ಟಲ್ ಜನ ಎಡ್ವರ್ಡ್ ಕೋಲ್‌ಸ್ಟನ್ನನ ಕಂಚಿನ ಮೂರ್ತಿಗೆ ಹಗ್ಗ ಹಾಕಿ ಎಳೆದರು. ಕೋಲ್‌ಸ್ಟನ್ ಆಡಳಿತ ನಡೆಸಿದ ರಾಯಲ್ ಆಫ್ರಿಕನ್ ಕಂಪನಿ ಅವನ ಕಾಲದಲ್ಲಿ ಸುಮಾರು 84,000 ಆಫ್ರಿಕನ್ನರನ್ನು ಸಾಗಿಸಿತು. ಅವರಲ್ಲಿ ಸುಮಾರು 19,000 ಮಂದಿ ಹಡಗಿನಲ್ಲೇ ಸತ್ತರು. ಬಿದ್ದ ಮೂರ್ತಿಯ ಕುತ್ತಿಗೆಯ ಮೇಲೆ ಒಬ್ಬ ಮೊಣಕಾಲೂರಿ ಕೂತ. ಆಮೇಲೆ ಅದನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಹೋಗಿ ಬಂದರಿನ ನೀರಿಗೆ ಕೆಡವಿದರು. ಒಂದು ಕಾಲಕ್ಕೆ ಗುಲಾಮರ ವ್ಯಾಪಾರದ ಹಡಗುಗಳು ಹೊರಡುತ್ತಿದ್ದ ಊರಿನ ಬಂದರು ಅದು.

"ಹೊಳಿಗೆ ಒಗದ್ರಾ!" ಅವ್ವನ ದನಿಯಲ್ಲಿ ಭಯವಿತ್ತೋ ಸಮಾಧಾನವಿತ್ತೋ ತಿಳಿಯಲಿಲ್ಲ. ಎರಡೂ ಇದ್ದಿರಬೇಕು.

ನಾಲ್ಕು ದಿನಕ್ಕೆ ಅದನ್ನು ಮೇಲೆತ್ತಿದರು. ಮರುವರ್ಷ ಊರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟರು. ನಿಲ್ಲಿಸಲಿಲ್ಲ, ಅಂಗಾತ ಮಲಗಿಸಿದರು, ಮೈಮೇಲಿನ ಬಣ್ಣದ ಬರಹ ಒರೆಸದೆ. ಉರುಳಿಸಿದ ನಾಲ್ವರ ಮೇಲೆ ಕೇಸು ನಡೆಯಿತು, 2022ರ ಜನವರಿಯಲ್ಲಿ ಜ್ಯೂರಿ ಅವರನ್ನು ಬಿಟ್ಟಿತು. ಬ್ರಿಸ್ಟಲಿನವರು ಅಂದು ಒಮ್ಮೆಲೆ ಹುಚ್ಚೆದ್ದವರಲ್ಲ. ವರ್ಷಗಟ್ಟಲೆ ಅರ್ಜಿ ಹಾಕಿದ್ದರು. ಮೂರ್ತಿಯ ಕೆಳಗಿನ ಹಲಗೆಯಲ್ಲಿ ಅವನನ್ನು ಊರಿನ ಸದ್ಗುಣಿ ಮಗ ಎಂದು ಕೊಂಡಾಡಿತ್ತು. ಪಕ್ಕದಲ್ಲಿ ಇನ್ನೊಂದು ಹಲಗೆ ಇಟ್ಟು ಗುಲಾಮರ ವಿಷಯವನ್ನೂ ಬರೆಯೋಣ ಎಂಬ ಪ್ರಯತ್ನ ಪದಗಳ ಜಗಳದಲ್ಲೇ ಕೆಟ್ಟಿತ್ತು.

ಒಂದು ಲೆಕ್ಕ ನನ್ನನ್ನು ಬಹಳ ದಿನ ಕಾಡಿದೆ. ಕೋಲ್‌ಸ್ಟನ್ ಸತ್ತದ್ದು 1721ರಲ್ಲಿ. ಮೂರ್ತಿ ನಿಲ್ಲಿಸಿದ್ದು 1895ರಲ್ಲಿ. ನಡುವೆ 174 ವರ್ಷ, ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಗುಲಾಮಗಿರಿ ಕಾನೂನಿನಿಂದಲೇ ಹೋಗಿತ್ತು. ಅಮೆರಿಕದ ರಿಚ್ಮಂಡಿನಲ್ಲಿ ಗುಲಾಮಗಿರಿ ಉಳಿಸಲು ಕಾದಾಡಿದ ಪಕ್ಷದ ದಂಡನಾಯಕ ರಾಬರ್ಟ್ ಲೀ ಕುದುರೆಯೇರಿ ನಿಂತದ್ದು 1890ರಲ್ಲಿ, ಯುದ್ಧ ಸೋತು 25 ವರ್ಷದ ಮೇಲೆ. ಅವನನ್ನು ಇಳಿಸಿದ್ದು 2021ರ ಸೆಪ್ಟೆಂಬರ್‌ನಲ್ಲಿ. "ಇತಿಹಾಸವನ್ನು ಅಳಿಸಬೇಡಿ" ಎನ್ನುವವರಿಗೆ ನಾನು ಈ ಇಸವಿಗಳನ್ನೇ ತೋರಿಸುತ್ತೇನೆ. ಗುಲಾಮಗಿರಿ ಹೋದ ಮೇಲೂ ಊರಿನ ನಡುಬೀದಿ ಯಾರದು ಎಂದು ಹೇಳಲು ಅವುಗಳನ್ನು ನಿಲ್ಲಿಸಿದ್ದರು. ಇತಿಹಾಸ ಕಾಗದದಲ್ಲಿದೆ, ಹಡಗಿನ ಲೆಕ್ಕದ ಪುಸ್ತಕದಲ್ಲಿದೆ, ಮಾರಿಹೋದವರ ಮೊಮ್ಮಕ್ಕಳ ಅಡ್ಡಹೆಸರಿನಲ್ಲಿದೆ. ಪೀಠದ ಮೇಲೆ ಇರುವುದು ಮರ್ಯಾದೆ. ಮರ್ಯಾದೆಯನ್ನು ಕೊಟ್ಟವರು ವಾಪಸ್ ತೆಗೆದುಕೊಳ್ಳಬಹುದು.

"ಆ ಕರೇ ಮಂದಿ ನಮ್ಮ ಕಡೀನೂ ಬಂದಿದ್ರೇನು?" ಎಂದು ಅವ್ವ ಕೇಳಿದ್ದು ಮಲಗುವ ಹೊತ್ತಿಗೆ. ಬಂದಿದ್ದರು. ಬಹಮನಿಗಳ ಕಾಲಕ್ಕೆ ಆಫ್ರಿಕಾದಿಂದ ಗುಲಾಮರಾಗಿ ಬಂದ ಹಬ್ಶಿಗಳು ದಂಡನಾಯಕರಾದರು. ಅವರಲ್ಲೊಬ್ಬ ದಸ್ತೂರ್ ದಿನಾರ್ ಇದೇ ಕಲಬುರಗಿಯ ಅಧಿಕಾರಿಯಾಗಿದ್ದ. ಬೀದರಿನಲ್ಲಿ ಹಬ್ಶಿ ಕೋಟ್ ಎಂಬ ಗುಡ್ಡದ ಮೇಲೆ ಅವರ ಗೋರಿಗಳಿವೆ. ಇನ್ನು ಪೋರ್ಚುಗೀಸರು ಗೋವೆಗೆ ತಂದು ಮಾರಿದವರ ಮಕ್ಕಳು, ಮೊಮ್ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಾಗಿ ನಮ್ಮ ಜೊತೆ ಕನ್ನಡ ಮಾತಾಡಿಕೊಂಡಿದ್ದಾರೆ. ಕೋಲ್‌ಸ್ಟನ್ ನೀರಿಗೆ ಬಿದ್ದ 2020ರಲ್ಲೇ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ಎರಡು ಸುದ್ದಿಗೂ ಸಂಬಂಧವಿಲ್ಲ. ಆದರೂ ನಾನು ಎರಡನ್ನೂ ಒಟ್ಟಿಗೇ ನೆನೆಯುತ್ತೇನೆ.

ಕನ್ನಡನಾಡಿನಲ್ಲೂ ಇಂಥ ಕಲ್ಲುಗಳು ಇದ್ದವು. ಬೆಂಗಳೂರಿನ ಕಾರ್ಪೊರೇಷನ್ ವೃತ್ತದಲ್ಲಿ ಒಂದು ಎತ್ತರದ ಸ್ಮಾರಕ ಕಂಬವಿತ್ತು. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸನ ಪಡೆ ಟಿಪ್ಪುವಿನಿಂದ ಬೆಂಗಳೂರು ಕಿತ್ತುಕೊಂಡಾಗ ಸತ್ತ ಬ್ರಿಟಿಷರ ನೆನಪಿಗೆ ಎತ್ತಿದ್ದು. ಪೇಟೆಯ ಬಾಗಿಲಲ್ಲಿ ಬಿದ್ದ ಮೂರ್‌ಹೌಸ್ ಎಂಬ ಅಧಿಕಾರಿಯ ಹೆಸರೂ ಅದರಲ್ಲಿತ್ತು. ಊರು ಉಳಿಸಲು ಕೋಟೆಯ ಒಳಗೆ ಕಾದಾಡಿ ಸತ್ತ ಕಿಲ್ಲೇದಾರ ಬಹದ್ದೂರ್ ಖಾನನನ್ನು ನೆನೆಯುವ ಕಂಬ ಅದಾಗಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೂ 17 ವರ್ಷ ಅದು ನಿಂತೇ ಇತ್ತು. ಕನ್ನಡ ಹೋರಾಟಗಾರರು ಗಟ್ಟಿಯಾಗಿ ಕೇಳಿದರು. 1964ರ ಅಕ್ಟೋಬರ್ 28ರಂದು ಕಂಬ ಉರುಳಿತು. ಇಂದು ಅಲ್ಲಿ ಕೆಂಪೇಗೌಡರ ಮೂರ್ತಿ ಇದೆ. ಕಂಬದ ಹೆಸರು ಹೊತ್ತು ಸೆನೋಟಾಫ್ ರಸ್ತೆಯಾಗಿದ್ದದ್ದು ನೃಪತುಂಗ ರಸ್ತೆಯಾಯಿತು.

ನೃಪತುಂಗ ಎಂದರೆ ನಮ್ಮ ಮಳಖೇಡದವನು. ಕಾಗಿಣಾ ದಂಡೆಯ ಆ ಊರಿನಲ್ಲಿ ಅವನ ಕೋಟೆ ಕುಸಿದು ಜಾಲಿ ಬೆಳೆದಿತ್ತು, ನಾನು ಸಣ್ಣವನಿದ್ದಾಗ ಅಲ್ಲಿ ಆಡುಗಳು ಮೇಯುತ್ತಿದ್ದವು. ಬೆಂಗಳೂರಿಗೆ ಮೊದಲ ಸಲ ಹೋದಾಗ ಆ ರಸ್ತೆಯ ಫಲಕ ಓದಿ, ನಮ್ಮ ಸೇಡಂ ಸೀಮೆಯ ರಾಜ ಇಲ್ಲಿದ್ದಾನೆ ಎಂದು ಅರ್ಧ ತಾಸು ಅಲ್ಲೇ ನಿಂತಿದ್ದೆ. ಕಂಬವಿದ್ದ ಅದೇ ವೃತ್ತಕ್ಕೆ ಕನ್ನಡ ಶಾಲೆಗಳಿಗೆ ದುಡಿದ ಹಡ್ಸನ್ ಎಂಬ ಪಾದ್ರಿಯ ಹೆಸರು ಜನರ ಬಾಯಲ್ಲಿ ಇನ್ನೂ ಉಳಿದಿದೆ. ಪಕ್ಕದ ಚರ್ಚೂ ಅವನ ಹೆಸರಿನದೇ. ಅದನ್ನು ಯಾರೂ ಮುಟ್ಟಲಿಲ್ಲ. 1894ರಲ್ಲಿ ನಿಘಂಟು ಕೊಟ್ಟ ಜರ್ಮನಿಯ ಕಿಟೆಲ್‌ಗೆ ಮಹಾತ್ಮ ಗಾಂಧಿ ರಸ್ತೆಯಲ್ಲಿ ಕನ್ನಡಿಗರೇ ಮೂರ್ತಿ ನಿಲ್ಲಿಸಿದ್ದಾರೆ. ಬಿಳಿಯರೆಂಬ ಸಿಟ್ಟು ಅಲ್ಲಿ ಇರಲಿಲ್ಲ. ನಮ್ಮ ಊರನ್ನು ಗೆದ್ದದ್ದನ್ನು ನಮ್ಮ ಊರಿನ ನಡುವೆಯೇ ಕೊಂಡಾಡುವುದು ಸಾಕು ಎಂದಷ್ಟೇ ಜನ ಹೇಳಿದ್ದು.

ಮದರಾಸಿನವರು ಇದನ್ನು ಇನ್ನೂ ಮೊದಲೇ ಹೇಳಿದ್ದರು. 1857ರ ದಂಗೆಯಲ್ಲಿ ಅಲಹಾಬಾದ್, ಕಾನ್ಪುರಗಳಲ್ಲಿ ಕಂಡವರನ್ನು ನೇಣಿಗೆ ಹಾಕಿಸಿದ ಜೇಮ್ಸ್ ನೀಲ್‌ನ ಮೂರ್ತಿ ಮೌಂಟ್ ರೋಡಿನಲ್ಲಿತ್ತು. ಅದನ್ನು ತೆಗೆಯಿರಿ ಎಂದು 1927ರಲ್ಲಿ ಸತ್ಯಾಗ್ರಹ ಹೂಡಿ ಜನ ಜೈಲಿಗೆ ಹೋದರು. 1937ರಲ್ಲಿ ರಾಜಾಜಿ ಸರಕಾರ ಬಂದ ಮೇಲೆ ಮೂರ್ತಿ ಇಳಿಯಿತು. ಈಗ ಅದು ಮ್ಯೂಸಿಯಂನಲ್ಲಿದೆ.

ಮರುದಿನ ಮುಂಜಾನೆ ಕಮಲಾಪುರಕ್ಕೆ ಹೊರಟೆವು, ನಾನು ಮತ್ತು ಸೊಸಿ. ಬಸವ ಜಯಂತಿ ಹತ್ತಿರ ಬಂದಿತ್ತು. ಜಗತ್ ವೃತ್ತದಲ್ಲಿ ಬಸವಣ್ಣನ ಸುತ್ತ ಪೆಂಡಾಲಿನ ಕಂಬ ನೆಡುತ್ತಿದ್ದರು. ಅಲ್ಲೇ ಅಂಬೇಡ್ಕರರ ಕೊರಳಲ್ಲಿ ಏಪ್ರಿಲ್ 14ರ ಹಾರಗಳು ಒಣಗಿ ಹುಲ್ಲಾಗಿದ್ದವು, ನೀಲಿ ಬಾವುಟಗಳು ಬಿಸಿಲಿಗೆ ಬಿಳಚಿದ್ದವು. ಸೊಸಿ ಆಟೋ ನಿಲ್ಲಿಸಿ ಎರಡು ಮೊಳ ಹೂ ಕೊಂಡು ಇಬ್ಬರಿಗೂ ಇಟ್ಟು ಬಂದಳು.

ಈ ಊರಿನಲ್ಲಿ ಮೂರ್ತಿ ಎಂದರೆ ಬರೀ ಕಂಚಲ್ಲ. 2024ರ ಜನವರಿಯಲ್ಲಿ ನಗರದ ಅಂಚಿನ ಕೋಟನೂರಿನಲ್ಲಿ ರಾತ್ರೋರಾತ್ರಿ ಅಂಬೇಡ್ಕರ್ ಮೂರ್ತಿಗೆ ಅವಮಾನ ಮಾಡಿದರು. ಬೆಳಗಾಗುವುದರೊಳಗೆ ಜನ ರಸ್ತೆಗಿಳಿದರು, ಟೈರುಗಳು ಉರಿದವು. ಆ ದಿನ ನಾನು ನೋಡಿದ ಒಬ್ಬ ಮುದುಕಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಮನೆಯ ಹಿರಿಯನಿಗೆ ಯಾರೋ ಹೊಡೆದರೆಂಬಂತೆ. ಬ್ರಿಸ್ಟಲಿನದೂ ಕೋಟನೂರಿನದೂ ಒಂದೇ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ತುಳಿಸಿಕೊಂಡವರು ಹಗಲಲ್ಲಿ, ಮುಖ ತೋರಿಸಿ, ವರ್ಷಗಟ್ಟಲೆ ಕೇಳಿ, ಆಮೇಲೆ ಕೈ ಹಾಕಿದರು. ಕೇಸನ್ನೂ ಎದುರಿಸಿದರು. ಇಲ್ಲಿ ಕತ್ತಲಲ್ಲಿ ಬಂದದ್ದು ತುಳಿದವರ ಕೈ. ಯಾರ ಕಲ್ಲು, ಯಾರ ಕೈ, ಯಾರ ಎದೆಯ ಮೇಲೆ ಭಾರ ಎಂದು ನೋಡದೆ ಮೂರ್ತಿಯ ಮಾತಾಡಬಾರದು.

ನಮ್ಮ ದೇಶದ ಕೋಲ್‌ಸ್ಟನ್ ಯಾರು ಎಂದು ಸೊಸಿ ಆಟೋದಲ್ಲಿ ಕೇಳಿದಳು. ಜೈಪುರದಲ್ಲಿ, ರಾಜಸ್ಥಾನ ಹೈಕೋರ್ಟಿನ ಅಂಗಳದಲ್ಲಿ ಮನುವಿನ ಮೂರ್ತಿ ಇದೆ ಎಂದೆ. ನಿಲ್ಲಿಸಿದ್ದು 1989ರಲ್ಲಿ. ಸಂವಿಧಾನ ಬಂದು 39 ವರ್ಷ ಕಳೆದಿತ್ತು. ಅದೇ ವರ್ಷ ನ್ಯಾಯಮೂರ್ತಿಗಳೇ ತೆಗೆಯಬೇಕೆಂದು ನಿರ್ಧರಿಸಿದರು. ಅದರ ಮೇಲೆ ತಡೆ ಬಂತು, ಮೂರ್ತಿ ಉಳಿಯಿತು. ಒಳಗೆ ಮನು, ಹೊರಗೆ ಚೌಕಿನಲ್ಲಿ ಅಂಬೇಡ್ಕರ್. 2018ರ ಅಕ್ಟೋಬರ್‌ನಲ್ಲಿ ಔರಂಗಾಬಾದ್ ಕಡೆಯ ಇಬ್ಬರು ಹೆಣ್ಣುಮಕ್ಕಳು ರೈಲು ಹತ್ತಿ ಹೋಗಿ, ಪೀಠವೇರಿ, ಮನುವಿನ ಮುಖಕ್ಕೆ ಕಪ್ಪು ಬಳಿದರು. ಔರಂಗಾಬಾದ್ ಎಂದರೆ 1948ರವರೆಗೆ ನಮ್ಮ ಜೊತೆ ನಿಜಾಮನ ರಾಜ್ಯದಲ್ಲೇ ಇದ್ದ ಸೀಮೆ. ಅಷ್ಟು ದೂರ ಹೋಗಲು ಆ ಕೂಲಿಯ ಹೆಣ್ಣುಮಕ್ಕಳಿಗೆ ಏನು ಉರಿದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

"ಹಂಗಾದ್ರ ಗಾಂಧೀಜೀದು, ಮಾಮಾ?" ಅಂದಳು.

ಇದು ನನಗೆ ನೋವಿನ ಪ್ರಶ್ನೆ. 2016ರಲ್ಲಿ ನಮ್ಮ ರಾಷ್ಟ್ರಪತಿ ಪ್ರಣವ್ ಮುಖರ್ಜಿ ಘಾನಾ ವಿಶ್ವವಿದ್ಯಾಲಯದಲ್ಲಿ ಗಾಂಧಿ ಮೂರ್ತಿ ಅನಾವರಣ ಮಾಡಿದ್ದರು. ದಕ್ಷಿಣ ಆಫ್ರಿಕಾದ ಮೊದಲ ವರ್ಷಗಳಲ್ಲಿ ಗಾಂಧಿ ಕಪ್ಪು ಜನರ ಬಗ್ಗೆ ಬರೆದ ಕೀಳು ಮಾತುಗಳನ್ನು ತೋರಿಸಿ ಅಲ್ಲಿನ ಅಧ್ಯಾಪಕರು ಬೇಡವೆಂದರು. 2018ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದರು. ನಾನು ಗಾಂಧಿಯನ್ನು ಪ್ರೀತಿಸುವವನು. ಆ ಮನುಷ್ಯ ಬದಲಾದ, ಬಹಳ ಬದಲಾದ. ಆದರೂ ಆ ಅಂಗಳ ಘಾನಾದವರದು. ಅಲ್ಲಿ ಯಾರಿಗೆ ಮರ್ಯಾದೆ ಎಂದು ಹೇಳುವ ಹಕ್ಕು ಅವರಿಗಿದೆ, ನನಗಲ್ಲ. ಇದನ್ನು ನನ್ನ ಬಾಯಿಂದ ಹೇಳಲು ನನಗೆ ವರ್ಷಗಳೇ ಹಿಡಿದವು.

ಆಟೋ ಇಳಿದು ಹತ್ತಿದ ಬಸ್ಸಿನ ಮೈಮೇಲೆ "ಕಲ್ಯಾಣ ಕರ್ನಾಟಕ" ಎಂದು ಬರೆದಿತ್ತು. ಮೊದಲು "ಈಶಾನ್ಯ ಕರ್ನಾಟಕ" ಎಂದಿದ್ದದ್ದು. ಹೆಸರು ಬದಲಾಗುವುದು ನಮಗೆ ಹೊಸದಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗ ಕಲಬುರಗಿಯಾಯಿತು, ಹಳ್ಳಿಯವರ ಬಾಯಲ್ಲಿ ಅದು ಯಾವಾಗಲೂ ಕಲಬುರ್ಗಿಯೇ ಇತ್ತು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು. ನಿಜಾಮನ ಕಡೆಯ ರಜಾಕಾರರ ಕಾಲಕ್ಕೆ ನಮ್ಮ ಅಜ್ಜ ರಾತ್ರಿ ಸೊಲ್ಲಾಪುರದ ಕಡೆ ಓಡಿದವನು. ಆದರೆ ಮೆಹಬೂಬ್ ಗುಲ್ಶನ್ ತೋಟದ ಹೆಸರು ಬದಲಿಸಿ ಎಂದು ಅವನು ಎಂದೂ ಅನ್ನಲಿಲ್ಲ. ಅಲ್ಲಿಯ ಹುಲ್ಲಿನ ಮೇಲೆ ನನ್ನನ್ನು ಆಡಿಸಿದ, ಬಂದೇನವಾಜರ ಉರುಸಿಗೆ ಹೆಗಲ ಮೇಲೆ ಹೊತ್ತು ಕರೆದೊಯ್ದ. ರಾಜನ ಲೆಕ್ಕವನ್ನು ನೆರೆಯವನ ಮೇಲೆ ಬರೆಯಬಾರದು ಎನ್ನುವುದು ಅವನಿಗೆ ಯಾರೂ ಕಲಿಸದೆ ಗೊತ್ತಿತ್ತು.

ಮಹಾಗಾಂವ ದಾಟಿದ ಮೇಲೆ ನೆಲ ಬಣ್ಣ ಬದಲಿಸುತ್ತದೆ. ಕಲಬುರಗಿಯ ಕರಿ ಎರೆ ಹಿಂದೆ ಬಿದ್ದು, ಇಟ್ಟಂಗಿಯ ಬಣ್ಣದ ಕೆಂಪು ಮಣ್ಣು ಏಳುತ್ತದೆ. ತೊಗರಿ ಕೊಯ್ದ ಹೊಲಗಳಲ್ಲಿ ಕೂಳೆ ಮಾತ್ರ. ರಸ್ತೆಯ ಪಕ್ಕ ಬಾಳೆಗೊನೆ ನೇತುಹಾಕಿದ ಅಂಗಡಿಗಳು, ಹಣ್ಣು ಸಿಪ್ಪೆಸಮೇತ ಕುಂಕುಮದ ಕಪ್ಪುಗೆಂಪು. ಕಮಲಾಪುರ 2018ರಲ್ಲಿ ತಾಲೂಕಾಯಿತು. ಬೋರ್ಡುಗಳು ದೊಡ್ಡವಾದವು, ನಮ್ಮ ಓಣಿ ಹಾಗೇ ಉಳಿಯಿತು.

ನಮ್ಮ ಹಿರಿಯರ ಮನೆಯನ್ನು ಈಗ ಕಾಕಾನ ಮಗ ನೋಡಿಕೊಳ್ಳುತ್ತಾನೆ. ಮುಂದಿನ ಗೋಡೆ ಬಿರಿದಿತ್ತು, ಗೌಂಡಿ ಕೆಲಸ ನಡೆದಿತ್ತು. ಅಂಗಳದಲ್ಲಿ ಉಸುಕಿನ ಗುಡ್ಡೆ, ಸಿಮೆಂಟಿನ ಚೀಲ, ಜರಡಿ. ಹಳೆಯ ಗಾರೆ ಕಿತ್ತ ಗೋಡೆ ಎಲುಬು ಕಾಣುವಂತೆ ನಿಂತಿತ್ತು. ಬಾಗಿಲ ಬಲಗಡೆ, ಕಟ್ಟೆಯಿಂದ ಹೊರಗೆ, ನಿಂತವನ ಎದೆಮಟ್ಟಕ್ಕೆ ಒಂದು ಗೂಡು. ನಮ್ಮ ಕಡೆ ಅದಕ್ಕೆ ಮಾಡ ಎನ್ನುತ್ತೇವೆ.

ಮನೆಯೊಳಗಿನ ಮಾಡಗಳಲ್ಲಿ ದೀಪ ಇಡುತ್ತಿದ್ದರು, ಅವುಗಳ ನೆತ್ತಿಗೆ ಮಸಿ ಹಿಡಿದಿದೆ. ಈ ಮಾಡಕ್ಕೆ ಮಸಿ ಇಲ್ಲ. ಇದರಲ್ಲಿ ಕಿವಿ ಮುರಿದ ಒಂದು ಪಿಂಗಾಣಿ ಕಪ್ಪು ಇರುತ್ತಿತ್ತು. ಹೊಲದ ಕೆಲಸಕ್ಕೆ ಕೇರಿಯಿಂದ ಬರುವವರು ತಾವೇ ಅದನ್ನು ತೆಗೆದುಕೊಂಡು, ತೊಳೆದುಕೊಂಡು, ಅಂಗಳದಲ್ಲಿ ಕೂತು ಮುಂದೆ ಹಿಡಿಯಬೇಕು. ಮೇಲಿನಿಂದ ಚಹಾ ಸುರಿಯುತ್ತಿದ್ದರು. ಕುಡಿದು ಮತ್ತೆ ತೊಳೆದು ಅಲ್ಲೇ ಇಡಬೇಕು. ಸುರಿದವರಲ್ಲಿ ನನ್ನ ಅಜ್ಜಿ ಇದ್ದಳು. ಕೇರಿಯವನೊಬ್ಬನಿಗೆ ರಾತ್ರಿ ಚೇಳು ಕಡಿದಾಗ ಹಿಲಾಲು ಹಿಡಿದು ಓಡಿದ ನನ್ನ ಅಜ್ಜಿ, ಮರುದಿನ ಅದೇ ಮನುಷ್ಯನಿಗೆ ಅದೇ ಕಪ್ಪಿಗೆ ಮೇಲಿನಿಂದಲೇ ಚಹಾ ಸುರಿದಳು. ಹತ್ತು ವರ್ಷದವನಾಗಿದ್ದ ನಾನೂ ಸುರಿದಿದ್ದೇನೆ. ನನ್ನ ಕೈಯಿಂದ, ಒಂದು ಗೇಣು ಎತ್ತರದಿಂದ.

ಸೊಸಿಗೆ ಇದು ಗೊತ್ತಿರಲಿಲ್ಲ. ಹೇಳಿದೆ. ಅವಳು ಗೂಡಿನ ಮುಂದೆ ಸುಮ್ಮನೆ ನಿಂತಳು. ನಿನ್ನೆ ರಾತ್ರಿ ಮೊಬೈಲಿನಲ್ಲಿ ಕ್ಲೇಟನ್ನನನ್ನು ತೋರಿಸುವಾಗ ಇದ್ದ ಮುಖ ಅದಾಗಿರಲಿಲ್ಲ.

"ಇದನ್ನ ಮುಚ್ಚಿಬಿಡ್ಲಿಲ್ಲ ಯಾಕ?" ಅಂದಳು.

ಕಾಕಾನ ಮಗನಿಗೆ ಮುಚ್ಚುವ ಅವಸರ ಇತ್ತು. ಹೋದ ವಾರವೇ ಇಟ್ಟಂಗಿ ತರಿಸಿದ್ದ. ನನಗೋ, ಅದು ಹಾಗೇ ಇರಲಿ, ಪಕ್ಕದಲ್ಲಿ ಒಂದು ಫಲಕ ಬರೆಸೋಣ ಎಂಬ ಯೋಚನೆ ಬಂತು. ಆಸ್ಪತ್ರೆಯವರು ಮಾಡಿದಂತೆ. ಇಬ್ಬರೂ ಅಂಗಳದಲ್ಲಿ ನಿಂತು ವಾದಿಸತೊಡಗಿದೆವು, ಊರಿನ ಮರ್ಯಾದೆ, ಮುಂದಿನ ಪೀಳಿಗೆ ಎಂದೆಲ್ಲ. ಉಸುಕು ಜರಡಿ ಹಿಡಿಯುತ್ತಿದ್ದ ಗೌಂಡಿ ಕೈ ನಿಲ್ಲಿಸಿ ಕೇಳುತ್ತಿದ್ದ. ನಲವತ್ತರ ಪ್ರಾಯದವನು, ಕೇರಿಯವನೇ. ನಮ್ಮ ಮಾತು ಮುಗಿಯದ್ದನ್ನು ನೋಡಿ ಸೊಸಿ ಅವನ ಕಡೆ ತಿರುಗಿ, "ಅಣ್ಣಾ, ನೀವ್ ಏನಂತೀರಿ?" ಎಂದಳು.

ನಾವಿಬ್ಬರೂ ಅವನನ್ನು ಕೇಳಿಯೇ ಇರಲಿಲ್ಲ.

ಅವನು ಮೊದಲು ಗೋಡೆಯ ಮಾತು ಹೇಳಿದ. "ಮುಚ್ಚಿದ್ರ ಗ್ವಾಡಿ ಗಟ್ಟಿ ಆಗ್ತದ್ರಿ, ಬಿರಕು ಅಲ್ಲಿಂದೇ ಎದ್ದದ." ಕರಣಿಯಿಂದ ಬಿರುಕು ತೋರಿಸಿದ. ಆಮೇಲೆ ನೆಲ ನೋಡುತ್ತಾ ಹೇಳಿದ: "ನಮ್ಮ ಆಯಿ ಇದೇ ಮನ್ಯಾಗ ಮೂವತ್ತು ವರ್ಷ ಸೆಗಣಿ ಬಳದಾಳ್ರಿ. ಆಕಿ ಕಪ್ಪು ಇದ್ರಾಗೇ ಇರ್ತಿತ್ತು. ಬೋರ್ಡ್ ಬ್ಯಾಡ್ರಿ. ಹೋಗ ಬರೋರೆಲ್ಲ ನಿಂತು ಓದೋದು, ಇವ್ರ ಮಂದಿ ಹಿಂಗ ಕುಡೀತಿದ್ರಂತ ಅನ್ನೋದು, ಅದು ಬ್ಯಾಡ. ಮುಚ್ಚರಿ. ಆದ್ರ ಇವತ್ತ ಬ್ಯಾಡ. ನನ್ನ ಮಗಳು ಕಲಬುರ್ಗ್ಯಾಗ ಹಾಸ್ಟೆಲ್‌ದಾಗ ಇದ್ದು ಕಾಲೇಜ್ ಓದ್ತಾಳ. ಐತವಾರ ಬರ್ತಾಳ. ಆಕಿಗೊಂದು ಸಲ ತೋರಸ್ತೀನಿ."

ಕಾಕಾನ ಮಗ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಫಲಕದಲ್ಲಿ ಏನು ಬರೆಯಬೇಕೆಂದು ನಾನು ಮನಸ್ಸಿನಲ್ಲೇ ಕೂಡಿಸಿಟ್ಟಿದ್ದ ಎರಡು ಸಾಲು ಗಂಟಲಲ್ಲೇ ಉಳಿದವು.

ಭಾನುವಾರ ನಾವು ಮತ್ತೆ ಹೋದೆವು. ಅವ್ವನೂ ಹಟ ಹಿಡಿದು ಬಂದಳು. ಹುಡುಗಿ ಅಪ್ಪನ ಬೈಕಿನ ಹಿಂದೆ ಕೂತು ಬಂದಳು, ಹೆಗಲಿಗೆ ಕಾಲೇಜಿನ ಚೀಲ ಹಾಗೇ ಇತ್ತು. ಅಪ್ಪ ಗೂಡು ತೋರಿಸಿದ, ಹೆಚ್ಚೇನೂ ಹೇಳಲಿಲ್ಲ. ಅವಳು ಮೊಬೈಲ್ ತೆಗೆದು ಒಂದು ಫೋಟೋ ಹಿಡಿದಳು. ಆಮೇಲೆ ತೋಳು ಮೇಲೇರಿಸಿ, ಗೂಡಿನೊಳಗೆ ಮೊಣಕೈಯವರೆಗೆ ಕೈ ಹಾಕಿ ತಡಕಿದಳು. ಹಿಡಿ ತುಂಬ ಕೆಂಪು ಮಣ್ಣು, ಜೇಡರ ಬಲೆ, ಒಂದು ಪಿಂಗಾಣಿ ಚೂರು. ಬೆರಳುಗುರಿನಷ್ಟು, ಒಂದು ಅಂಚಿಗೆ ನೀಲಿ ಗೆರೆ. ಅದನ್ನು ದುಪಟ್ಟಾದ ತುದಿಯಿಂದ ಒರೆಸಿ ಚೀಲದ ಸಣ್ಣ ಜೇಬಿಗೆ ಹಾಕಿಕೊಂಡು ಜಿಪ್ ಎಳೆದಳು.

ಅವ್ವ ಒಳಗಿನಿಂದ ಚಹಾ ತಂದಳು, ಮನೆಯ ಕಪ್ಪುಬಸಿಗಳಲ್ಲಿ. ಹುಡುಗಿ ಕಟ್ಟೆಯ ಮೇಲೆ ಕೂತು ಕುಡಿದಳು. ಗೌಂಡಿ ನಿಂತೇ ಕುಡಿದ, ಕಪ್ಪನ್ನು ತಾನೇ ತೊಳೆಯಲು ಹೊರಟ. ಅವ್ವ ಅದನ್ನು ಅವನ ಕೈಯಿಂದ ತೆಗೆದುಕೊಂಡಳು. ಅವನು ಮಾಲು ಕಲಸಲು ಕೂತ.